ಭರಣಿ ನೋಡಿ ಊರು ಹೇಳಿ

ಕುಮಟೆಯ ನಮ್ಮ ಅತ್ತೆ ಬಂಗಡೆ ಸಾರು ಇಳಿಸುವ ಮೊದಲು ಏಳೆಂಟು ಜುಮ್ಮನಕಾಯಿ ಜಜ್ಜಿ ಹಾಕುತ್ತಾರೆ. ಕೊಂಕಣಿಯವರು ತೆಪ್ಪಲ್ ಅನ್ನುವುದು ಇದನ್ನೇ. ಒಣಗಿ ಬಾಯಿಬಿಟ್ಟ ಕಂದು ಸಿಪ್ಪೆ, ಒಳಗೊಂದು ಮಿರಿಮಿರಿ ಕಪ್ಪು ಬೀಜ. ಬೀಜ ಬಿಸಾಡಬೇಕು, ಕೆಲಸವೆಲ್ಲ ಸಿಪ್ಪೆಯದು. ಗೊತ್ತಿಲ್ಲದೆ ಹಲ್ಲಿಗೆ ಸಿಕ್ಕರೆ ಮೊದಲು ಕಿತ್ತಳೆ ಸಿಪ್ಪೆಯಂಥ ಘಮ, ಹಿಂದೆಯೇ ನಾಲಿಗೆ, ತುಟಿ ಎಲ್ಲ ಜುಮುಜುಮು. ಹೆಸರಿನಲ್ಲೇ ಆ ಜುಮ್ ಇದೆ.

ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಯ ಜೀವಾಳವಾದ ಹುವಾಜಿಯಾವ್ ಇದೇ ಕುಲದ ಇನ್ನೊಂದು ಗಿಡದ ಕಾಯಿ. ಎರಡೂ ನಿಂಬೆಯ ಕುಟುಂಬಕ್ಕೆ ಸೇರಿದವು. ಆ ಜುಮ್ಮಿಗೆ ಸಿಚುವಾನಿನವರು ‘ಮಾ’ ಎನ್ನುತ್ತಾರೆ, ಖಾರಕ್ಕೆ ‘ಲಾ’. ಎರಡೂ ಕೂಡಿದರೆ ‘ಮಾಲಾ’. ಇಂಗ್ಲಿಷಿನವರು ಇದನ್ನು ವಿವರಿಸಲು ಒಂದು ವಾಕ್ಯವನ್ನೇ ಬರೆಯಬೇಕಾಗುತ್ತದೆ. ನಮಗೆ ‘ಜುಮ್’ ಸಾಕು. ಲಂಡನ್ನಿನ ಸಂಶೋಧಕರು 2013ರಲ್ಲಿ ಈ ಜುಮ್ಮನ್ನು ಅಳೆದೂ ನೋಡಿದರು. ತುಟಿಗೆ ಹುವಾಜಿಯಾವ್ ಹಚ್ಚಿಕೊಂಡವರಿಗೆ ಸೆಕೆಂಡಿಗೆ ಸುಮಾರು 50 ಬಾರಿ ಏನೋ ಕಂಪಿಸಿದಂತೆ ಅನಿಸುತ್ತದಂತೆ.

ನಮ್ಮ ಗಾಡಿಗಳ ಬೋರ್ಡಿನಲ್ಲಿ ‘ಶೆಜ್ವಾನ್ ರೈಸ್’, ‘ಶೆಜ್ವಾನ್ ದೋಸೆ’ ಎಂದು ಬರೆದಿರುವುದು ಇದೇ ಸಿಚುವಾನಿನ ಹೆಸರನ್ನು. ಆದರೆ ಆ ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿ ಇದೆ, ಒಣಮೆಣಸಿನಕಾಯಿ ಇದೆ, ಜುಮ್ ಮಾತ್ರ ಇಲ್ಲ. ಅದೂ ರುಚಿಯೇ, ನಾನೇನು ಬಿಟ್ಟವಳಲ್ಲ. ಹೆಸರು ಮಾತ್ರ ಸಾವಿರಾರು ಮೈಲಿ ದೂರದ್ದು.

ವ್ಯಾಪಾರಕ್ಕೆಂದು ಗ್ವಾಂಗ್‌ಝೌ ಮೇಳಕ್ಕೋ ಈವೂ ಸಗಟು ಪೇಟೆಗೋ ಹೋಗುವವರು, ಅಲ್ಲಿ ಮೆಡಿಕಲ್ ಓದುವ ಮಕ್ಕಳು, ಮನೆಯಲ್ಲೇ ಏನಾದರೂ ಮಾಡಿ ನೋಡೋಣ ಎನ್ನುವವರು ಎಲ್ಲರೂ ಮೊದಲು ಕೇಳುವುದು ‘ಚೈನೀಸ್‌ನಲ್ಲಿ ಯಾವುದು ಚೆನ್ನಾಗಿದೆ?’ ಎಂದು. ಪ್ರಶ್ನೆಯೇ ತಪ್ಪು. ಸಿಚುವಾನ್ ಒಂದರಲ್ಲೇ 8 ಕೋಟಿಗೂ ಹೆಚ್ಚು ಜನ ಇದ್ದಾರೆ, ಗ್ವಾಂಗ್‌ಡಾಂಗಿನಲ್ಲಿ 12 ಕೋಟಿಗೂ ಹೆಚ್ಚು. ಜೋಳದ ರೊಟ್ಟಿ, ರಾಗಿಮುದ್ದೆ, ಕೊಟ್ಟೆ ಕಡುಬು ಮೂರನ್ನೂ ‘ಕರ್ನಾಟಕದ ಊಟ’ ಎಂದು ಒಂದೇ ತಟ್ಟೆಗೆ ಬಡಿಸಿದರೆ ನಮಗೆ ಹೇಗೆ ಇರುಸುಮುರುಸೋ ಅವರಿಗೂ ಹಾಗೆಯೇ. ಮೊದಲು ಊರು ಕೇಳಬೇಕು, ಆಮೇಲೆ ತಿಂಡಿ.

ಪುಸ್ತಕಗಳಲ್ಲಿ ‘ಎಂಟು ಮಹಾ ಅಡುಗೆಗಳು’ ಎಂಬ ಪಟ್ಟಿ ಸಿಗುತ್ತದೆ: ಶಾಂಡಾಂಗ್, ಸಿಚುವಾನ್, ಗ್ವಾಂಗ್‌ಡಾಂಗ್, ಜಿಯಾಂಗ್ಸು, ಝೆಜಿಯಾಂಗ್, ಫೂಜಿಯೆನ್, ಹುನಾನ್, ಆನ್‌ಹುಯಿ. ಪರೀಕ್ಷೆಗೆ ಬಾಯಿಪಾಠ ಮಾಡಲು ಒಳ್ಳೆಯದು. ಆದರೆ ನೂಡಲ್ಸಿನ ತವರಾದ ಶಾನ್ಶಿ ಇದರಲ್ಲಿಲ್ಲ, ಅಣಬೆಗಳ ಯುನ್ನಾನ್ ಇಲ್ಲ, ಜೀರಿಗೆ ಹಾಕಿ ಕುರಿಮಾಂಸ ಸುಡುವ ಶಿನ್‌ಜಿಯಾಂಗ್ ಇಲ್ಲ. ಹಾಗಾಗಿ ನಾನು ಪಟ್ಟಿ ಬಿಟ್ಟು ಬೇರೆ ದಾರಿ ಹಿಡಿದಿದ್ದೇನೆ. ಒಲೆಯ ಪಕ್ಕ ಯಾವ ಭರಣಿ, ಯಾವ ಬಾಟಲಿ ಇದೆ ಎಂದು ನೋಡುವುದು. ಊರು ತಾನಾಗಿ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಒಂದು ಗೆರೆ. ಚೀನಾದ ನಡುವೆ ಚಿನ್‌ಲಿಂಗ್ ಬೆಟ್ಟಸಾಲು, ಅದರ ಪೂರ್ವಕ್ಕೆ ಹುವಾಯ್ ನದಿ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುವ ಗೆರೆಯೂ ಹೆಚ್ಚುಕಡಿಮೆ ಇದೇ. ಇದರ ಕೆಳಗೆ ಗದ್ದೆ, ಅನ್ನ. ಮೇಲೆ ಗೋಧಿ, ಸಿರಿಧಾನ್ಯ. ‘ಚೀನಾದವರು ಮೂರು ಹೊತ್ತೂ ಅನ್ನ ತಿನ್ನುತ್ತಾರೆ’ ಎಂದು ಉತ್ತರದವನ ಮುಂದೆ ಹೇಳಿದರೆ, ಕಲಬುರಗಿಯವರಿಗೆ ‘ನೀವು ದಿನಾ ಮುದ್ದೆ ಉಣ್ಣುತ್ತೀರಲ್ಲ’ ಎಂದಂತೆ.

ಗೆರೆಯ ಮೇಲಿನ ಅಡುಗೆಮನೆಯಲ್ಲಿ ಮೊದಲು ಕಾಣುವುದು ವಿನೆಗರಿನ ಬಾಟಲಿ. ಶಾನ್ಶಿಯ ಹಳೆಯ ವಿನೆಗರ್ ಕಪ್ಪಗೆ, ಮಂದವಾಗಿ, ಹುಳಿಯ ಹಿಂದೆ ಹೊಗೆಯಂಥ ವಾಸನೆ ಇಟ್ಟುಕೊಂಡಿರುತ್ತದೆ. ಅದು ಯಾವುದರಿಂದ ಆಗುತ್ತದೆ ಗೊತ್ತೇ? ಜೋಳದಿಂದ, ನಮ್ಮ ಬಿಜಾಪುರದವರು ರೊಟ್ಟಿ ತಟ್ಟುವ ಅದೇ ಧಾನ್ಯದಿಂದ. ಅಲ್ಲಿನ ‘ದಾವ್‌ಶಿಯಾವ್ ಮಿಯೆನ್’ ಮಾಡುವವನು ಗೋಧಿಹಿಟ್ಟಿನ ಮುದ್ದೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಕತ್ತಿಯಿಂದ ಎಳೆ ಎಳೆಯಾಗಿ ಕುದಿಯುವ ನೀರಿಗೇ ಸೀಳಿ ಹಾರಿಸುತ್ತಾನೆ. ಶಿಯಾನ್ ನಗರದಲ್ಲಿ ಸೊಂಟದ ಬೆಲ್ಟಿನಷ್ಟು ಅಗಲದ ಬಿಯಾಂಗ್‌ಬಿಯಾಂಗ್ ನೂಡಲ್ಸ್. ಆ ಹೆಸರನ್ನು ಚೀನೀ ಲಿಪಿಯಲ್ಲಿ ಬರೆಯಲು ಒಂದೊಂದು ಅಕ್ಷರಕ್ಕೆ 50ಕ್ಕೂ ಹೆಚ್ಚು ಗೆರೆ ಎಳೆಯಬೇಕು. ಲಾನ್‌ಝೌ ಎಂಬ ಊರಿನದು ಕೈಯಲ್ಲಿ ಎಳೆಯುವ ನೂಡಲ್ಸ್. ಹುಯಿ ಮುಸ್ಲಿಮರು ಬೆಳೆಸಿದ ಈ ತಿನಿಸು ಈಗ ಚೀನಾದ ಬೀದಿಬೀದಿಯಲ್ಲಿದೆ. ಒಳ್ಳೆಯದನ್ನು ಗುರುತಿಸಲು ಅವರೇ ಒಂದು ಲೆಕ್ಕ ಇಟ್ಟಿದ್ದಾರೆ: ಸಾರು ತಿಳಿ, ಮೂಲಂಗಿ ಬಿಳಿ, ಮೆಣಸಿನ ಎಣ್ಣೆ ಕೆಂಪು, ಕೊತ್ತಂಬರಿ ಹಸಿರು, ನೂಡಲ್ಸ್ ಹಳದಿ. ಅಂಗಡಿಯ ಮೇಲೆ ‘ಛಿಂಗ್‌ಝೆನ್’ ಎಂದಿದ್ದರೆ ಹಲಾಲ್, ಹಂದಿಮಾಂಸ ಇರುವುದಿಲ್ಲ. ಆದರೆ ಆ ತಿಳಿಸಾರು ದನದ ಮಾಂಸದ್ದು. ತಿನ್ನದವರು ಮೊದಲೇ ತಿಳಿದಿರಲಿ.

ಶಾಂಡಾಂಗಿನವರ ಹೆಮ್ಮೆ ಅವರ ಈರುಳ್ಳಿ ಗಿಡ ಮತ್ತು ತಿಳಿಸಾರು. ಝಾಂಗ್‌ಛಿಯು ಎಂಬಲ್ಲಿ ಬೆಳೆಯುವ ಆ ಈರುಳ್ಳಿ ಗಿಡ ಮಗುವಿನೆತ್ತರ ಇರುತ್ತದೆ, ಹಸಿಯಾಗಿಯೇ ಕಡಿಯುತ್ತಾರೆ. ಮಿಂಗ್, ಚಿಂಗ್ ಅರಸರ ಅಡುಗೆಮನೆಗೆ ಶಾಂಡಾಂಗಿನ ಬಾಣಸಿಗರು ಹೋದರು, ಬೀಜಿಂಗಿನ ಅಡುಗೆಗೆ ಅವರೇ ಅಡಿಪಾಯ. ಬೀಜಿಂಗ್ ಬಾತುಕೋಳಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಇಷ್ಟು ಸಾಕು: 1864ರಲ್ಲಿ ಶುರುವಾದ ಛುವಾನ್‌ಜೂದೆಯಲ್ಲಿ ಹಣ್ಣಿನ ಮರದ ಸೌದೆಯ ಮುಂದೆ ತೂಗುಹಾಕಿ ಸುಡುತ್ತಾರೆ, ಅದಕ್ಕಿಂತ ಹಳೆಯ ಬಿಯೆನ್‌ಯಿಫಾಂಗ್ ಪದ್ಧತಿಯಲ್ಲಿ ಮುಚ್ಚಿದ ಒಲೆಯ ಕಾವಿನಲ್ಲಿ ಬೇಯಿಸುತ್ತಾರೆ.

ಇನ್ನೂ ಮೇಲಕ್ಕೆ ಹೋದರೆ ಈಶಾನ್ಯದ ಚಳಿನಾಡು, ಹಿಂದೆ ಮಂಚೂರಿಯಾ ಎನ್ನುತ್ತಿದ್ದದ್ದು. ಗೋಬಿ ಮಂಚೂರಿ ಅಲ್ಲಿ ಸಿಗುವುದಿಲ್ಲ. ಮಂಚೂರಿಯನ್ ಎಂಬ ಖಾದ್ಯವನ್ನು 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಹುಟ್ಟುಹಾಕಿದ ಖ್ಯಾತಿ ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಅವರದು. ಗೋಬಿಯನ್ನು ನಾವು ಎಷ್ಟು ತಿಂದೆವೆಂದರೆ 2024ರ ಮಾರ್ಚಿನಲ್ಲಿ ಅದಕ್ಕೆ ಹಾಕುವ ಕೃತಕ ಬಣ್ಣವನ್ನು ಕರ್ನಾಟಕ ಸರ್ಕಾರವೇ ನಿಷೇಧಿಸಬೇಕಾಯಿತು. ನಿಜವಾದ ಮಂಚೂರಿಯಾದ ಮನೆಯಲ್ಲಿ ಇರುವುದು ಕೋಸನ್ನು ಉಪ್ಪಿನಲ್ಲಿ ಹುಳಿ ಬರಿಸಿದ ದೊಡ್ಡ ಮಡಕೆ. ಆರು ತಿಂಗಳ ಹಿಮಕ್ಕೆ ಅದೇ ತರಕಾರಿ. ಹಾರ್ಬಿನ್ ನಗರದ ‘ಗುವೊಬಾವ್‌ರೋ’ ಮಾತ್ರ ನಮ್ಮ ಮಂಚೂರಿಯ ದೂರದ ನೆಂಟನಂತೆ ಕಾಣುತ್ತದೆ: ಆಲೂಗಡ್ಡೆ ಪಿಷ್ಟದಲ್ಲಿ ಅದ್ದಿ ಎರಡು ಸಲ ಕರಿದ ಹಂದಿಮಾಂಸ, ಮೇಲೆ ಸಿಹಿಹುಳಿ ಪಾಕ. ಸಸ್ಯಾಹಾರಿಗಳಿಗೆ ‘ದಿಸಾನ್‌ಶಿಯೆನ್’ ಇದೆ. ನೆಲದ ಮೂರು ಸಂಪತ್ತು ಎಂದು ಅದರರ್ಥ. ಆಲೂಗಡ್ಡೆ, ಬದನೆ, ದೊಣ್ಣೆಮೆಣಸಿನಕಾಯಿ ಕರಿದು ಸೋಯಾ ಸಾಸಿನಲ್ಲಿ ಹೊರಳಿಸಿದ್ದು.

ಈಗ ಸಿಚುವಾನಿಗೆ ಬರೋಣ. ಇಲ್ಲಿ ಭರಣಿಯೇ ಅಡುಗೆ. ಚೆಂಗ್ಡು ನಗರದ ಪಕ್ಕದ ಪೀಶಿಯೆನ್‌ನಲ್ಲಿ ಫಾವಾ ಎಂಬ ಅಗಲ ಕಾಳು, ಕೆಂಪು ಮೆಣಸಿನಕಾಯಿ, ಉಪ್ಪು ಸೇರಿಸಿ ಮಣ್ಣಿನ ಹಂಡೆಗಳಲ್ಲಿ ಇಡುತ್ತಾರೆ. ಬಿಸಿಲಿಗೆ ಬಾಯಿ ತೆರೆಯುವುದು, ಮಳೆ ಬಂದರೆ ಮುಚ್ಚುವುದು, ದಿನಾ ತಿರುವುವುದು. ವರ್ಷ, ಎರಡು ವರ್ಷ, ಕೆಲವು ಅದಕ್ಕೂ ಹೆಚ್ಚು. ಕೊನೆಗೆ ಕಂದುಗೆಂಪು ಬಣ್ಣದ ದೌಬಾನ್‌ಜಿಯಾಂಗ್ ಆಗುತ್ತದೆ. ನಮ್ಮ ಮಾವಿನ ಮಿಡಿಯ ಭರಣಿಗೆ ಅಜ್ಜಿಯರು ಮಾಡುತ್ತಿದ್ದ ಉಪಚಾರವೇ ಇದಕ್ಕೂ. ಬಳಸುವಾಗ ಒಂದೇ ನಿಯಮ: ಸಣ್ಣ ಉರಿ, ಜಾಸ್ತಿ ಎಣ್ಣೆ, ಎಣ್ಣೆ ಕೆಂಪಾಗುವ ತನಕ ಹುರಿಯಬೇಕು. ಅವಸರ ಮಾಡಿದರೆ ಹಸಿವಾಸನೆ ಹೋಗುವುದಿಲ್ಲ, ಸೀದರೆ ಕಹಿ.

ಆ ಕೆಂಪೆಣ್ಣೆಯೇ ಮಾಪೊ ತೋಫುವಿನ ಬಣ್ಣ. 1862ರಲ್ಲಿ ಶುರುವಾಯಿತೆನ್ನುವ ಚೆಂಗ್ಡುವಿನ ಚೆನ್ ಮನೆತನದ ಹೋಟೆಲಿನಲ್ಲಿ ಮುಖದ ಮೇಲೆ ಸಿಡುಬಿನ ಕಲೆಯಿದ್ದ ಹೆಂಗಸು ಮಾಡುತ್ತಿದ್ದಳಂತೆ. ‘ಮಾಪೊ’ ಎಂದರೆ ಅದೇ, ಸಿಡುಬುಕಲೆಯ ಅಜ್ಜಿ. ತೋಫು ಎಂದು ನಂಬಿ ಸಸ್ಯಾಹಾರಿಗಳು ಆರ್ಡರ್ ಮಾಡಬೇಡಿ, ಅದರಲ್ಲಿ ಕೊಚ್ಚಿದ ಮಾಂಸ ಇರುತ್ತದೆ. ಹೆಸರು ನಂಬಿ ಬಿಡಲೂಬೇಡಿ. ‘ಮೀನಿನ ಘಮದ ಬದನೆ’ ಎಂಬ ಯೂಶಿಯಾಂಗ್ ಬದನೆಯಲ್ಲಿ ಮೀನೇ ಇಲ್ಲ. ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಹುಳಿ ಬರಿಸಿದ ಮೆಣಸಿನಕಾಯಿ, ಸಕ್ಕರೆ, ವಿನೆಗರ್ ಇವನ್ನು ಮೀನಿಗೆ ಹಾಕುವ ಹದದಲ್ಲೇ ಬದನೆಗೆ ಹಾಕುತ್ತಾರೆ, ಅಷ್ಟೆ. ಮೇಲೆ ಒಂದಿಷ್ಟು ಮಾಂಸದ ಪುಡಿ ಉದುರಿಸುವ ಚಾಳಿ ಹಲವರಿಗಿದೆ, ಬೇಡ ಎನ್ನಬೇಕು. ಸಿಚುವಾನ್ ಎಂದರೆ ಬರೀ ಖಾರ ಎನ್ನುವುದೂ ಅರೆತಿಳಿವಳಿಕೆ. ಅಲ್ಲಿನ ಬಾಣಸಿಗರು ಇಂಥ ರುಚಿಯ ಹದಗಳನ್ನು ಇಪ್ಪತ್ತಕ್ಕೂ ಹೆಚ್ಚು ಎಣಿಸುತ್ತಾರೆ, ಅದರಲ್ಲಿ ಖಾರವೇ ಇಲ್ಲದವೂ ಇವೆ. ಯುನೆಸ್ಕೊ 2010ರಲ್ಲಿ ಚೆಂಗ್ಡುವನ್ನು ಪಾಕಶಾಸ್ತ್ರದ ನಗರವೆಂದು ಹೆಸರಿಸಿದ್ದು ಸುಮ್ಮನೆ ಅಲ್ಲ.

ಮೆಣಸಿನಕಾಯಿ ಅವರಿಗೂ ನಮಗೂ ಪರದೇಶದ ಬೆಳೆ, ಅಮೆರಿಕ ಖಂಡದ್ದು. ಚೀನಾದ ಬರಹದಲ್ಲಿ ಅದು ಮೊದಲು ಕಾಣುವುದು 1591ರಲ್ಲಿ, ಅದೂ ಹೂವಿನ ಗಿಡವೆಂದು. ಹೆಸರಿಡುವಾಗ ಎರಡೂ ಕಡೆಯವರು ಒಂದೇ ಉಪಾಯ ಮಾಡಿದ್ದು ನನಗೆ ಬಹಳ ಇಷ್ಟದ ಸಂಗತಿ. ನಾವು ಹಳೆಯ ‘ಮೆಣಸಿ’ಗೆ ಕಾಯಿ ಸೇರಿಸಿ ಮೆಣಸಿನಕಾಯಿ ಎಂದೆವು. ಅವರು ಹಳೆಯ ‘ಜಿಯಾವ್’ಗೆ ಖಾರ ಸೇರಿಸಿ ಲಾಜಿಯಾವ್ ಎಂದರು. ನಮ್ಮ ಕರಿಮೆಣಸಿಗೆ ಅವರಲ್ಲಿ ಹೂಜಿಯಾವ್ ಎಂಬ ಹೆಸರು, ಅಂದರೆ ಪರದೇಶಿಗಳ ಮೆಣಸು.

ಇನ್ನು ಹುನಾನಿನ ಭರಣಿಯಲ್ಲಿ ಮೆಣಸಿನಕಾಯಿ ಕೊಚ್ಚಿ ಉಪ್ಪು ಹಾಕಿ ಇಟ್ಟಿರುತ್ತಾರೆ. ಜುಮ್ ಇಲ್ಲ, ಎಣ್ಣೆ ಕಡಿಮೆ, ಖಾರ ನೇರ. ದೊಡ್ಡ ಮೀನಿನ ತಲೆಯ ಮೇಲೆ ಅದನ್ನು ಹರಡಿ ಹಬೆಯಲ್ಲಿ ಬೇಯಿಸುತ್ತಾರೆ. ಬ್ಯಾಡಗಿಗೂ ಗುಂಟೂರಿಗೂ ಇರುವ ವ್ಯತ್ಯಾಸ ಗೊತ್ತಿರುವವರಿಗೆ ಸಿಚುವಾನ್‌–ಹುನಾನ್ ವ್ಯತ್ಯಾಸ ಹೇಳಿಕೊಡಬೇಕಿಲ್ಲ.

ಪೂರ್ವಕ್ಕೆ ಶಾಂಘೈ, ಹಾಂಗ್‌ಝೌ, ಯಾಂಗ್‌ಝೌ ಕಡೆ ಬಂದರೆ ಒಲೆಯ ಪಕ್ಕ ಕಲ್ಲುಸಕ್ಕರೆಯ ಡಬ್ಬಿ, ಶಾವ್‌ಶಿಂಗ್ ಎಂಬ ಅಕ್ಕಿಯ ಮದ್ಯದ ಮಡಕೆ. ಝೆನ್‌ಜಿಯಾಂಗಿನ ವಿನೆಗರ್ ಇಲ್ಲಿಯದು. ಶಾನ್ಶಿಯದು ಜೋಳದ್ದಾದರೆ ಇದು ಅಂಟಕ್ಕಿಯದು, ಹುಳಿ ಮೆತ್ತಗೆ. ಖಾರ ತಿಂದು ಬಂದ ನಾಲಿಗೆಗೆ ಈ ಊಟ ಮೊದಲ ದಿನ ಸಪ್ಪೆ, ಸಿಹಿ. ಮೂರನೇ ದಿನದಿಂದ ರುಚಿ ಹತ್ತುತ್ತದೆ. ಇಲ್ಲಿ ಕಲಿಯಬೇಕಾದದ್ದು ಶಿಯಾವ್‌ಲಾಂಗ್‌ಬಾವ್ ತಿನ್ನುವುದು. ಪುಟ್ಟ ದುಂಡನೆಯ ಕಡುಬು, ಒಳಗೆ ಬಿಸಿ ಸಾರು. ದ್ರವ ಒಳಗೆ ಹೋದದ್ದು ಹೇಗೆ? ಹಂದಿಯ ತೊಗಲು ಕುದಿಸಿ ತಣಿಸಿದರೆ ಹಲ್ವದಂತೆ ಗಟ್ಟಿಯಾಗುತ್ತದೆ, ಅದನ್ನು ಕೊಚ್ಚಿ ಹೂರಣಕ್ಕೆ ಸೇರಿಸಿ ಮಡಿಸುತ್ತಾರೆ. ಹಬೆ ತಾಗಿದಾಗ ಕರಗುತ್ತದೆ. ಇಡಿಯಾಗಿ ಬಾಯಿಗೆ ಹಾಕಿಕೊಂಡರೆ ಅಂಗುಳ ಸುಡುವುದು ಖಂಡಿತ. ಚಮಚದಲ್ಲಿಟ್ಟು ಅಂಚಿಗೆ ಸಣ್ಣ ತೂತು ಕಚ್ಚಿ, ಸಾರು ಹೀರಿ, ಆಮೇಲೆ ತಿನ್ನಬೇಕು.

ಗ್ವಾಂಗ್‌ಡಾಂಗಿನ ಹೋಟೆಲಿಗೆ ಹೋದರೆ ಬಾಗಿಲಲ್ಲೇ ಭರಣಿಯ ಬದಲು ನೀರಿನ ತೊಟ್ಟಿ, ಅದರಲ್ಲಿ ಜೀವಂತ ಮೀನು. ಆ ಅಡುಗೆಯ ತತ್ವವೇ ಅದು: ಸಾಮಾನು ತಾಜಾ ಇದ್ದರೆ ಮಸಾಲೆ ಯಾಕೆ? ಅವರ ಹಬೆಮೀನು ನಮ್ಮ ಕರಾವಳಿಯ ಮನೆಯಲ್ಲೂ ಇವತ್ತೇ ಮಾಡಬಹುದು. ಅರ್ಧ ಕಿಲೊದ ಪಾಂಫ್ರೆಟ್ ಸೀಳು ಹಾಕಿ, ಕೆಳಗೆ ಎರಡು ಶುಂಠಿ ಬಿಲ್ಲೆ ಇಟ್ಟು, ತಟ್ಟೆಯ ಸಮೇತ ಇಡ್ಲಿ ಪಾತ್ರೆಯಲ್ಲಿ. ನೀರು ಮೊದಲೇ ಕುದಿಯುತ್ತಿರಬೇಕು. ಎಂಟು ನಿಮಿಷ, ಹೆಚ್ಚೆಂದರೆ ಹತ್ತು. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ, ಅದರಲ್ಲೇ ಕವಟು ಇರುವುದು. ಮೇಲೆ ಶುಂಠಿ, ಈರುಳ್ಳಿ ಸೊಪ್ಪು ನೂಲಿನಂತೆ ಹೆಚ್ಚಿ ಹರಡಿ, ಹೊಗೆಯಾಡುವಷ್ಟು ಕಾದ ಎರಡು ಚಮಚ ಎಣ್ಣೆಯನ್ನು ಚುಂಯ್ ಎಂದು ಸುರಿಯಿರಿ. ಒಗ್ಗರಣೆಯನ್ನು ಕೊನೆಗೆ ಮೇಲಿಂದ ಹಾಕುವ ನಮಗೆ ಇದು ಹೊಸದೇನಲ್ಲ. ಸುತ್ತ ಸೋಯಾ ಸಾಸು, ಚಿಟಿಕೆ ಸಕ್ಕರೆ. ಮುಗಿಯಿತು.

ಬೆಳಿಗ್ಗೆ ಅಲ್ಲಿ ‘ಯಮ್ ಚಾ’, ಚಹಾ ಕುಡಿಯುವುದು ಎಂದು. ಹೆಸರಿಗೆ ಚಹಾ, ಹೊಟ್ಟೆ ತುಂಬುವುದು ಸಣ್ಣಸಣ್ಣ ಬಿದಿರಿನ ಬುಟ್ಟಿಗಳ ಡಿಮ್ ಸಮ್‌ನಿಂದ. ಯಾರಾದರೂ ನಿಮ್ಮ ಬಟ್ಟಲಿಗೆ ಚಹಾ ಸುರಿದರೆ ಎರಡು ಬೆರಳಿನಿಂದ ಮೇಜು ಮೆಲ್ಲಗೆ ತಟ್ಟಿ, ಅದು ಕೃತಜ್ಞತೆ. ಕುಡಿಕೆ ಖಾಲಿಯಾದರೆ ಕೂಗಬೇಡಿ, ಮುಚ್ಚಳ ಓರೆಯಾಗಿ ಇಡಿ, ಬಿಸಿನೀರು ತಾನಾಗಿ ಬರುತ್ತದೆ. ‘ಹಕ್ಕಾ ನೂಡಲ್ಸ್’ನ ಹಕ್ಕಾ ಜನರ ಒಂದು ನೆಲೆಯೂ ಇದೇ ಪ್ರಾಂತ್ಯ. ಕೋಲ್ಕತ್ತದ ಟಾಂಗ್ರಾದಲ್ಲಿ ಚರ್ಮ ಹದ ಮಾಡುವ ಕಸುಬಿಗೆ ನಿಂತ ಹಕ್ಕಾ ಕುಟುಂಬಗಳಿಂದ ಆ ಹೆಸರು ನಮ್ಮ ಮೆನುವಿಗೆ ಬಂತು. ಅವರ ಊರಿನ ಅಡುಗೆ ಬೇರೆಯೇ: ಬಿಸಿ ಉಪ್ಪಿನಲ್ಲಿ ಹೂತು ಬೇಯಿಸಿದ ಕೋಳಿ, ಹೂರಣ ತುಂಬಿದ ತೋಫು.

ಫೂಜಿಯೆನ್ ಸಾರುಗಳ ನಾಡು. ಅಲ್ಲಿನ ಬಂದರು ಶಿಯಾಮೆನ್ ಸುತ್ತಲಿನವರು ಚಹಾಕ್ಕೆ ‘ತೆ’ ಎನ್ನುತ್ತಿದ್ದರು, ಡಚ್ ವ್ಯಾಪಾರಿಗಳು ಅದನ್ನು ಯುರೋಪಿಗೆ ಒಯ್ದರು. ಬೆಂಗಳೂರಿನ ‘ಟೀ’ ಹಾಗೆ ಸುತ್ತಿ ಬಂದದ್ದು. ಹುಬ್ಬಳ್ಳಿಯ ‘ಚಾ’ ಚೀನಾದ ಉಳಿದ ಹೆಚ್ಚಿನ ಕಡೆಯ ಮಾತು. ಆನ್‌ಹುಯಿಯದು ಬೆಟ್ಟದ ಅಡುಗೆ, ಬೂಸು ಬರಿಸಿದ ತೋಫು, ಒಣ ಹ್ಯಾಮು. ಯುನ್ನಾನಿನಲ್ಲಿ ಮಳೆಗಾಲಕ್ಕೆ ಹೋದರೆ ಕಾಡು ಅಣಬೆ, ಜೊತೆಗೆ ಬಾಯ್ ಜನರ ‘ರೂಬಿಂಗ್’ ಎಂಬ ಆಡಿನ ಹಾಲಿನ ಗಿಣ್ಣು. ಪನೀರಿನಂತೆಯೇ ಹೆಚ್ಚಿ ಹುರಿದು ಕೊಡುತ್ತಾರೆ. ಹಾಲಿನ ಪದಾರ್ಥವೇ ಅಪರೂಪವಾದ ದೇಶದಲ್ಲಿ ಅದನ್ನು ಕಂಡಾಗ ಆಗುವ ಸಂತೋಷ ಹೇಳತೀರದು.

ಸಸ್ಯಾಹಾರಿಗಳಿಗೆ ಒಂದೆರಡು ಮಾತು. ‘ವೊ ಛಿ ಸು’ ಎಂದರೆ ನಾನು ಸಸ್ಯಾಹಾರಿ. ಉಚ್ಚಾರ ತಪ್ಪಿದರೆ ಅರ್ಥ ಕೆಡುವ ಭಾಷೆ ಅದು, ಹಾಗಾಗಿ ಮೊಬೈಲಿನಲ್ಲಿ ಚೀನೀ ಲಿಪಿಯಲ್ಲೇ ಬರೆಸಿಟ್ಟುಕೊಂಡು ತೋರಿಸಿ. ಬರೀ ‘ಮಾಂಸ ಬೇಡ’ ಎಂದರೆ ಸಾಲದು. ಮಾಂಸದ ಸಾರು, ಹಂದಿಯ ಕೊಬ್ಬು, ಆಯಿಸ್ಟರ್ ಸಾಸ್, ಒಣ ಸಿಗಡಿ ಬೇಡ ಎಂದೂ ಬರೆಸಿ. ಹುರಿದ ಸೊಪ್ಪಿನೊಳಗೂ ಇವು ಅಡಗಿರುತ್ತವೆ. ನಿಶ್ಚಿಂತೆಯಿಂದ ಉಣ್ಣಬೇಕೆಂದರೆ ಬೌದ್ಧ ದೇವಾಲಯಗಳ ಹತ್ತಿರದ ಸಸ್ಯಾಹಾರಿ ಹೋಟೆಲು ಹುಡುಕಿ. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ, ನಮ್ಮ ಮಠದ ಊಟದಂತೆ. ಶಾಂಘೈಯ ಗೊಂಗ್‌ದೆಲಿನ್ 1922ರಿಂದ ನಡೆಯುತ್ತಿದೆ. ಮೆನುವಿನಲ್ಲಿ ‘ಬಾತುಕೋಳಿ’ ಎಂದು ಕಂಡರೆ ಹೆದರಬೇಡಿ, ಸೋಯಾದಲ್ಲಿ ಮಾಡಿದ್ದು. ಇನ್ನು ಯಾರೇ ಆಗಲಿ, ಎಲ್ಲೇ ಉಣ್ಣಲಿ, ಅನ್ನದ ಬಟ್ಟಲಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಸತ್ತವರ ಮುಂದೆ ಊದುಬತ್ತಿ ಹಚ್ಚಿಟ್ಟ ಹಾಗೆ ಕಾಣುತ್ತದೆ.

ಮನೆಯಲ್ಲಿ ಶುರುಮಾಡುವವರು ಹತ್ತು ಬಾಟಲಿ ಕೊಳ್ಳಬೇಡಿ. ತಿಳಿ ಸೋಯಾ ಸಾಸು ಉಪ್ಪಿಗೆ, ಕಪ್ಪು ಸೋಯಾ ಸಾಸು ಬಣ್ಣಕ್ಕೆ. ಒಂದರ ಬದಲು ಇನ್ನೊಂದು ಸುರಿದರೆ ಕೆಡುತ್ತದೆ. ಒಂದು ಕಪ್ಪು ವಿನೆಗರ್ ಸಿಕ್ಕರೆ ಒಳ್ಳೆಯದು. ಹುವಾಜಿಯಾವ್ ಸಿಗದಿದ್ದರೆ ಹಿಮಾಲಯದ ಕಡೆಯ ತಿಮುರ್ ಆನ್‌ಲೈನಿನಲ್ಲಿ ಸಿಗುತ್ತದೆ, ಅದೂ ಇದೇ ಕುಲದ್ದು. ಕಬ್ಬಿಣದ ಬಾಣಲೆ ಸಾಕು. ನಮ್ಮ ಗ್ಯಾಸಿನ ಉರಿ ಅವರ ಹೋಟೆಲಿನ ಉರಿಯ ಮುಂದೆ ಏನೂ ಅಲ್ಲ, ಆದ್ದರಿಂದ ಒಮ್ಮೆಗೆ ಇಬ್ಬರಿಗಾಗುವಷ್ಟು ಮಾತ್ರ ಹಾಕಿ. ತುಂಬಿದರೆ ಹುರಿಯುವುದಿಲ್ಲ, ಬೇಯುತ್ತದೆ.

ಮೊದಲ ಪಾಠಕ್ಕೆ ಆಲೂಗಡ್ಡೆಯ ಎಳೆ. ಚೀನಾದ ಉದ್ದಗಲಕ್ಕೂ ಮನೆಮನೆಯಲ್ಲಿ ಮಾಡುವ ಹುಳಿಖಾರದ ಪಲ್ಯ. ಎರಡು ಆಲೂಗಡ್ಡೆ ಸಿಪ್ಪೆ ತೆಗೆದು ಬೆಂಕಿಕಡ್ಡಿಗಿಂತ ಸಣ್ಣಗೆ ಹೆಚ್ಚಿ. ನೀರಿನಲ್ಲಿ ಮೂರು ಸಲ ತೊಳೆಯಬೇಕು, ನೀರು ತಿಳಿಯಾಗುವ ತನಕ. ನಾನು ಮೊದಲ ಸಲ ಇದನ್ನು ಬಿಟ್ಟೆ, ಪಿಷ್ಟವೆಲ್ಲ ಅಂಟಿ ಬಾಣಲೆಯಲ್ಲಿ ಒಂದು ಮುದ್ದೆ ಸಿಕ್ಕಿತು. ನೀರು ಸೋಸಿ, ಬಟ್ಟೆಯಲ್ಲಿ ಒರೆಸಿ. ಎಣ್ಣೆ ಸಣ್ಣಗೆ ಕಾದಾಗ ಐದಾರು ಜುಮ್ಮನಕಾಯಿ ಸಿಪ್ಪೆ ಹಾಕಿ, ಘಮ ಬಂದೊಡನೆ ತೆಗೆದುಬಿಡಿ. ಮೂರು ಒಣಮೆಣಸಿನಕಾಯಿ ಮುರಿದು ಹಾಕಿ, ಉರಿ ಪೂರ್ತಿ ಮಾಡಿ, ಆಲೂಗಡ್ಡೆ ಸುರಿದು ಬಿಡದೆ ತಿರುವಿ. ಎರಡು ನಿಮಿಷಕ್ಕೆ ಉಪ್ಪು, ಬಾಣಲೆಯ ಅಂಚಿನಿಂದ ಒಂದು ಚಮಚ ವಿನೆಗರ್. ನಮ್ಮ ಬಿಳಿ ವಿನೆಗರ್ ಆದರೆ ಅರ್ಧ ಚಮಚ. ಇಳಿಸಿ. ಎಳೆ ಹಲ್ಲಿಗೆ ಕರುಂ ಅನ್ನಬೇಕು, ಅದೇ ಹದ.

ಕಳೆದ ಸಲ ಕುಮಟೆಗೆ ಹೋದಾಗ ಅತ್ತೆಯ ಒಲೆಯ ಮೇಲೆ, ಅತ್ತೆಯದೇ ಜುಮ್ಮನಕಾಯಿಯಲ್ಲಿ ಇದನ್ನು ಮಾಡಿ ಕೊಟ್ಟೆ. ಒಂದು ತುತ್ತು ಬಾಯಿಗೆ ಹಾಕಿ, ಕರುಂ ಅನಿಸಿ, ನನ್ನ ಮುಖ ನೋಡಿದರು. ‘ಅಲ್ಲ ತಂಗಿ, ಬಟಾಟೆ ಇನ್ನೂ ಬೆಂದೇ ಇಲ್ಲವಲ್ಲೇ’ ಎಂದು ಎದ್ದು, ಬಾಣಲೆಗೆ ಅರ್ಧ ಲೋಟ ನೀರು ಹೊಯ್ದು, ಮೇಲೊಂದು ತಟ್ಟೆ ಮುಚ್ಚಿಟ್ಟರು.